ಇನ್ನೂ ನೀರೈತೆ

ಇವತ್ತು ಬೆಳಿಗ್ಗೆ ಅವ್ವ ಅಟ್ಟ ಹತ್ತಿಸಿದಳು. ಕೊಬ್ಬರಿಯಾಗಲೆಂದು ಅಲ್ಲಿ ಒಣಗಲು ಹಾಕಿದ್ದ ಒಂದು ತೆಂಗಿನಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಗುಳುಕ್ ಅಂತು. ಒಬ್ಬನೇ ನಕ್ಕೆ. ನೀವು ತಿಪಟೂರು ಕಡೆಯವರಾದರೆ ಇದರಲ್ಲಿ ನಗುವುದೇನಿದೆ ಎನ್ನುತ್ತೀರಿ. ಒಳಗಿನ ನೀರು ಪೂರ್ತಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಎನ್ನುವವರೆಗೆ ಒಡೆಯಬಾರದು, ಅಷ್ಟೇ ತಾನೇ? ಅಷ್ಟೇ. ಆದರೆ ಆ ‘ಅಷ್ಟೇ’ ನನಗೆ ಅರ್ಥವಾದದ್ದು ಮದುವೆಯಾದ ಮೇಲೆ, ಅದೂ ಅಟ್ಟದ ಮೇಲಲ್ಲ.

ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ. ನೀರಿರುವ ಕಾಯಿ ಒಡೆದು ಕೊಬ್ಬರಿಗೆ ಬೂಷ್ಟು ಹಿಡಿಸಿದವನು ನಾನು. ‘ಇವ್ನ ಕೈಗೆ ಮಚ್ಚು ಕೊಡ್ಬೇಡ್ರಪ್ಪ’ ಎಂದು ಅವ್ವ ಊರಿಗೆಲ್ಲ ಸಾರಿದ್ದಳು. ಇಪ್ಪತ್ತಾರನೇ ವಯಸ್ಸಿಗೆ ದಂಡಿನಶಿವರದ ರತ್ನಳನ್ನು ಮದುವೆಯಾದೆ. ಅವಳಿಗೆ ಇಪ್ಪತ್ಮೂರು. ಹಾಸಿಗೆಯಲ್ಲೂ ನನ್ನದು ಅದೇ ಆತುರ. ಶುರುವಾಯಿತು ಅನ್ನುವಷ್ಟರಲ್ಲಿ ಮುಗಿದಿರುತ್ತಿತ್ತು. ನಾಚಿಕೆಯಾಗಿ ಜಗಲಿಗೆ ಚಾಪೆ ಸಾಗಿಸಿದೆ. ಸೆಕೆ ಎಂದು ನೆಪ. ಮಾಗಿ ಚಳಿಯಲ್ಲಿ ಸೆಕೆ!

ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಾ ರತ್ನ ಕೇಳಿಯೇಬಿಟ್ಟಳು. ‘ರೀ, ನಾನಂದ್ರೆ ಇಷ್ಟ ಇಲ್ಲಾಂದ್ರೆ ಹೇಳ್ಬುಡಿ. ನಾಳೆ ನಮ್ಮೂರ ಬಸ್ ಹತ್ತೀನಿ.’

ಅವಳು ಹೀಗೆ ತಿಳಿದಾಳೆಂದು ನನಗೆ ಹೊಳೆದೇ ಇರಲಿಲ್ಲ. ಹಂಡೆಯ ಕಡೆ ಮುಖ ಮಾಡಿಕೊಂಡು ನಿಜ ಕಾರಣ ಹೇಳಿದೆ. ರತ್ನ ಹಿಂಡುತ್ತಿದ್ದ ಬಟ್ಟೆ ಕೆಳಗಿಟ್ಟು ಹತ್ತಿರ ಬಂದಳು.

‘ಇದನ್ನ ಹಂಡೆಗೆ ಯಾಕ್ ಹೇಳ್ತೀರಿ? ನನಗೆ ಹೇಳಿ.’

ಅವತ್ತಿನಿಂದ ನಾನು ದೊಡ್ಡ ಸಂಶೋಧಕನಾದೆ. ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಿದ್ದ ಲೇಹ್ಯ ತಿಂದೆ, ಹೊಟ್ಟೆ ಕೆಟ್ಟಿತು. ಮನಸ್ಸನ್ನು ಬೇರೆ ಕಡೆ ಇಡಬೇಕು ಎಂದು ಯಾರೋ ಹೇಳಿದ್ದು ನೆನಪಾಗಿ, ಆ ಹೊತ್ತಿನಲ್ಲಿ ತಿಪಟೂರಿನಿಂದ ತುರುವೇಕೆರೆಗೆ ಬಸ್ಸು ನಿಲ್ಲುವ ಊರುಗಳನ್ನು ಒಳಗೊಳಗೇ ಜಪಿಸತೊಡಗಿದೆ.

‘ಎಲ್ಲೋಗಿದೀರಿ?’ ಎಂದಳು ರತ್ನ.

‘ನೊಣವಿನಕೆರೆ.’ ಬಾಯಿ ತಪ್ಪಿ ಬಂತು.

ಎದ್ದು ಕೂತಳು. ‘ನಾನಿಲ್ಲಿದೀನಿ! ನೀವು ನೊಣವಿನಕೆರೇಲಿ ಇಳ್ಕೊಂಡು ಏನ್ಮಾಡ್ತೀರಿ?’

ಕೋಪದಲ್ಲಿ ಶುರುವಾದ ಮಾತು ನಗುವಿನಲ್ಲಿ ಮುಗಿಯಿತು. ಇಬ್ಬರೂ ದಿಂಬು ಕಚ್ಚಿಕೊಂಡು ನಕ್ಕೆವು. ಆಮೇಲೆ ಅವಳೇ ಅಂದಳು: ‘ಕಾಯಿ ಹದ ನೋಡೋರು ಬೇರೆ ಕಡೆ ನೋಡ್ತಾರೇನ್ರೀ? ಕಿವಿಗೊಟ್ಟು ಕೇಳ್ತಾರೆ.’

ಅಲ್ಲಿಂದ ನಾವು ಕಿವಿಗೊಟ್ಟೆವು. ತುದಿ ಹತ್ತಿರವಾಗುತ್ತಿದೆ ಅನ್ನಿಸಿದರೆ ‘ಇನ್ನೂ ನೀರೈತೆ’ ಅನ್ನಬೇಕು. ಇಬ್ಬರೂ ಅಲುಗದೆ ನಿಲ್ಲಬೇಕು. ಉಸಿರು ಇಳಿಯುವವರೆಗೆ ಕೈ ಹಿಡಿದುಕೊಂಡು ಏನಾದರೂ ಮಾತು. ಮತ್ತೆ ಮೆಲ್ಲಗೆ ಮೊದಲಿಂದ. ಎಷ್ಟೋ ಸಲ ನಾನು ಹೇಳುವ ಮೊದಲೇ ಕಾಯಿ ಒಡೆದುಹೋಗುತ್ತಿತ್ತು. ‘ಹೋಗ್ಲಿ ಬುಡಿ, ಅಟ್ಟದ ತುಂಬ ಕಾಯೈತೆ’ ಎನ್ನುವಳು. ಆ ಮಾತಿಗೇ ನನ್ನ ಅರ್ಧ ಹೆದರಿಕೆ ಹೋಯಿತು. ಬರಬರುತ್ತಾ ತುದಿಗೆ ಮುಂಚಿನ ಹೊಸ್ತಿಲಿನ ಗುರುತು ಸಿಕ್ಕಿತು. ಅಲ್ಲಿವರೆಗೆ ಹೋಗಿ, ನಿಂತು, ಹಿಂದಿರುಗಿ, ಮತ್ತೆ ಹೋದರೆ ಕೊನೆಗೆ ಒದಗುವ ಸುಖ ಮೈಯೆಲ್ಲ ಹರಡುತ್ತದೆ ಕಣ್ರೀ, ಅಂಗಾಲಿನವರೆಗೆ. ಅವಳಿಗೂ ಅಂಥ ಹೊಸ್ತಿಲಿದೆ ಎಂಬುದು ನನಗೆ ತಿಳಿದದ್ದು, ಒಂದು ದಿನ ಅವಳೇ ‘ತಡೀರಿ, ನೀರೈತೆ’ ಅಂದಾಗ. ಅಷ್ಟು ಹೊತ್ತಿಗೆ ಚಾಪೆ ಜಗಲಿಯಿಂದ ಒಳಗೆ ಬಂದಿತ್ತು. ಊರ ಬಸ್ಸಿನ ಮಾತು ಮತ್ತೆ ಬರಲಿಲ್ಲ.

‘ಒಣಗೈತೇನ್ಲಾ?’ ಇವತ್ತು ಕೆಳಗಿನಿಂದ ಅವ್ವ ಕೂಗಿದಳು.

ಆ ಹೊತ್ತಿಗೆ ಬೇರೆ ಕಾಯಿಗಳನ್ನೂ ನೋಡಿದ್ದೆ. ಮುಕ್ಕಾಲು ಪಾಲು ಲೊಡಲೊಡ ಅನ್ನುತ್ತಿದ್ದವು. ಆದರೂ, ‘ಇನ್ನೊಂದಷ್ಟು ದಿನ ಇರ್ಲಿ ಕಣವ್ವ’ ಅಂದೆ.

‘ಅವ್ರ ಮಾತು ಕೇಳ್ಬೇಡಿ ಅತ್ತೆ,’ ಅಡುಗೆಮನೆಯಿಂದ ರತ್ನ. ‘ಅವ್ರಿಗೀಗ ಕಾಯೋದೇ ಒಂದು ಚಟ.’

‘ಇವ್ನಿಗಾ?’ ಅವ್ವನಿಗೆ ನಂಬಿಕೆಯೇ ಬರಲಿಲ್ಲ. ‘ನಾನು ಹೊಡೆದು ಬಡಿದು ಹೇಳಿದ್ರೂ ಬರ್ಲಿಲ್ಲ. ಯಾರಮ್ಮ ಕಲಿಸಿದ್ದು ಇವ್ನಿಗೆ ತಾಳ್ಮೆಯ?’

ಅಡುಗೆಮನೆಯಲ್ಲಿ ರುಬ್ಬುವ ಸದ್ದು ಇದ್ದಕ್ಕಿದ್ದಂತೆ ಜೋರಾಯಿತು. ನಾನು ಇನ್ನೊಂದು ಕಾಯಿ ಎತ್ತಿ ಕಿವಿಗಿಟ್ಟುಕೊಂಡೆ.