ಕೋಳಿಗೂಡಿಗೆ ಹೊಲಿದ ಪರದೆ

ನನ್ನ ಅಕ್ಕ ಮೂವತ್ತೊಂದು ವರ್ಷ ಬಸ್ಸು ಹತ್ತಿ ಇಳಿದು ಟಿಕೆಟ್ ತಪಾಸಣೆ ಮಾಡಿದವಳು. ನಿವೃತ್ತಿಯಾದ ಮೇಲೆ ಖಾಕಿ ಕೋಟನ್ನು ಬಿಚ್ಚಿಟ್ಟಳು, ಅನುಮಾನವನ್ನು ಬಿಚ್ಚಿಡಲಿಲ್ಲ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ಇನ್ನೂ ಜಾಸ್ತಿ ಬೆರೆಸಿದ್ದಾನೆ. ಬೀದಿಯವರೆಲ್ಲ ಅವಳನ್ನು ‘ಚೆಕಿಂಗ್ ಅಕ್ಕ’ ಎನ್ನುತ್ತಾರೆ. ಎದುರಿಗಲ್ಲ, ಅಷ್ಟು ಧೈರ್ಯ ಯಾರಿಗಿದೆ? ನಾನು ಅವಳ ತಂಗಿ, ಅದೇ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು. ಇಬ್ಬರಿಗೂ ಮದುವೆಯಾಗಲಿಲ್ಲ. ತನಗೆ ಬಂದ ಗಂಡುಗಳನ್ನು ಅವಳೇ ತಪಾಸಣೆ ಮಾಡಿ ಇಳಿಸಿದಳು. ನನಗೆ ಬಂದವರನ್ನೂ ಅವಳೇ ಇಳಿಸಿದಳು. ಆ ಸಿಟ್ಟು ನನಗೆ ಇನ್ನೂ ಇದೆ, ಇರಲಿ.

ಇಂಥವಳು ನಂಬಿದ್ದು ಕೋಳಿಗಳನ್ನು ಮಾತ್ರ. ಹಿತ್ತಲಲ್ಲಿ ಒಂಬತ್ತು ಹೇಂಟೆ, ಒಂದು ಹುಂಜ. “ಕೋಳಿ ಸುಳ್ಳು ಹೇಳಲ್ಲ ಕಣೇ. ಮೊಟ್ಟೆ ಇಟ್ಟರೆ ಕೂಗಿ ಹೇಳುತ್ತೆ, ಇಡದಿದ್ದರೆ ತೆಪ್ಪಗಿರುತ್ತೆ” ಎನ್ನುತ್ತಿದ್ದಳು. ಅಂಗಡಿಯ ಔಷಧವನ್ನು ಹತ್ತಿರ ಸುಳಿಯಗೊಡುತ್ತಿರಲಿಲ್ಲ; ಆ ಶೀಶೆಯೊಳಗೆ ಏನಿರುತ್ತದೋ ಯಾರು ಕಂಡವರು? ಕುಡಿಯುವ ನೀರಿಗೆ ಜಜ್ಜಿದ ಬೆಳ್ಳುಳ್ಳಿ, ಹೇನು ಹತ್ತದ ಹಾಗೆ ಹೊರಳಾಡಲು ಬೂದಿ, ಕಾಳಿನ ಜೊತೆ ಸೊಪ್ಪಿನ ದಂಟು. ಅಷ್ಟರಲ್ಲೇ ಅವು ಗುಂಡುಕಲ್ಲಿನ ಹಾಗೆ ಇದ್ದವು, ಒಪ್ಪಬೇಕಾದ್ದೇ. ಎಲ್ಲಕ್ಕಿಂತ ಮುದ್ದಿನದು ಚುಕ್ಕಿ. ತಾಯಿ ಬಿಟ್ಟುಹೋದ ಮರಿಯನ್ನು ಅಕ್ಕ ತನ್ನ ಹಳೆಯ ಕೆಲಸದ ಚೀಲದಲ್ಲಿ ಬೆಚ್ಚಗಿಟ್ಟು ಸಾಕಿದ್ದಳು. ಎಲ್ಲಕ್ಕಿಂತ ಮುದಿ ಕರಿಯಜ್ಜಿ. ಮೊಟ್ಟೆ ನಿಲ್ಲಿಸಿ ಮೂರು ವರ್ಷವಾದರೂ ಗೂಡಿನೊಳಗಿನ ಮೇಲಿನ ಗಳದಲ್ಲಿ ಮೂಲೆಯ ಜಾಗವನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ.

ಆ ವರ್ಷ ಚಳಿ ಎಲ್ಲಿತ್ತೋ, ಬಾಯಿ ತೆರೆದರೆ ಹೊಗೆ. ಗೂಡಿಗೆ ಮೂರು ಕಡೆ ಗೋಡೆ, ಮುಂದೆ ಬರೀ ತಂತಿ ಬಲೆ. ಅಕ್ಕ ಹಳೆಯ ಬಸ್ ಸೀಟಿನ ರೆಕ್ಸಿನ್ ತಂದು ನನ್ನ ಯಂತ್ರದ ಮೇಲೆ ಹಾಕಿದಳು.

“ಬಲೆಗೆ ಪರದೆ ಹೊಲಿದುಕೊಡು. ಸೂಜಿ ಮೊನೆಯಷ್ಟೂ ಗಾಳಿ ನುಗ್ಗಬಾರದು.”

“ಮೇಲೆ ಒಂದು ಗೇಣು ಬಿಡೋಣ ಕಣಕ್ಕ. ಹತ್ತು ಜೀವ ರಾತ್ರಿಯೆಲ್ಲ ಉಸಿರು ಬಿಡುತ್ತೆ, ಒಳಗೆಲ್ಲ ಬೆವರಿಬಿಡುತ್ತೆ.”

ಅವಳ ಹುಬ್ಬು ಮೇಲೇರಿತು. “ಇದು ನಿನ್ನ ಮಾತಲ್ಲ. ಯಾರು ಹೇಳಿಕೊಟ್ಟರು?”

ಸುಳ್ಳು ಹೇಳಿದ್ದರೆ ಒಳ್ಳೆಯದಿತ್ತು. “ಬೇಕರಿಯವರು” ಎಂದುಬಿಟ್ಟೆ. “ಬಿಸಿ ಬನ್ ಮುಚ್ಚಿಟ್ಟರೆ ಬೆವರಿ ಬೂಷ್ಟು ಹಿಡಿಯುತ್ತೆ, ಕೋಳೀನೂ ಹಾಗೇ ಅಂದರು.”

ಬೇಕರಿಯವನು ನಮ್ಮ ಹಿತ್ತಲ ಗೋಡೆಯ ಆಚೆಯವನು. ಊರು ಏಳುವ ಮೊದಲೇ ಒಲೆ ಹಚ್ಚಿ ಮಧ್ಯಾಹ್ನ ಮಲಗುತ್ತಾನೆ. ನಮ್ಮ ಹುಂಜನೋ, ಸರಿಯಾಗಿ ಮಧ್ಯಾಹ್ನವೇ ಕೂಗುವಂಥ ತಲೆಕೆಟ್ಟದ್ದು. ಒಮ್ಮೆ ಅವನು ಗೋಡೆಯ ಮೇಲಿಂದ ಇಣುಕಿ, “ಅಕ್ಕಾ, ಇದಕ್ಕೆ ಬೆಳಗಾಗೋದು ಯಾವಾಗ ಅಂತ ಸ್ವಲ್ಪ ಹೇಳಿಕೊಡಿ” ಎಂದಿದ್ದ. ಅಂದಿನಿಂದ ಅವನು ಅಕ್ಕನ ಪಾಲಿಗೆ ವೈರಿ.

“ಅಲ್ಲಿಗೆ ಸರಿಹೋಯ್ತು!” ಎಂದಳು ಅಕ್ಕ. “ನನ್ನ ಕೋಳಿ ಚಳಿಗೆ ಸತ್ತರೆ ಅವನಿಗೆ ನೆಮ್ಮದಿ ನಿದ್ದೆ. ನೀನು ಅವನ ಕಡೆಯವಳಾ?”

ನನಗೆ ಪಿತ್ತ ನೆತ್ತಿಗೇರಿತು. “ನಿನ್ನ ಕೋಳಿ, ನಿನ್ನ ಹಣೆಬರಹ” ಎಂದೆ. ಇನ್ನು ಈ ಗೂಡಿನ ವಿಷಯದಲ್ಲಿ ತುಟಿ ಬಿಚ್ಚಿದರೆ ಕೇಳು ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ. ಅಂಗುಲ ಬಿಡದೆ ಪರದೆ ಹೊಲಿದೆ, ಅಂಚಿಗೆ ಲಾಡಿ ಹಚ್ಚಿದೆ, ಲಾಡಿಗಳನ್ನು ಬಲೆಯ ಕಣ್ಣುಗಳಲ್ಲಿ ತೂರಿಸಿ ಜಾರುಗಂಟು ಹಾಕಿಕೊಟ್ಟೆ. ಗೂಡು ಡಬ್ಬಿಯ ಹಾಗಾಯಿತು.

ಎರಡು ವಾರಕ್ಕೆ ಸೀನು ಶುರುವಾಯಿತು. ಕೋಳಿ ಸೀನುವುದನ್ನು ಕೇಳದವರಿಗೆ ಅದು ನಗುವ ವಿಷಯ. ಕಣ್ಣಂಚಿನಲ್ಲಿ ನೊರೆ ಬಂದು, ಎದೆ ಗೊರಗೊರ ಅನ್ನತೊಡಗಿದಾಗ ನಗು ಬರುವುದಿಲ್ಲ. ಅಕ್ಕ ಬೆಳ್ಳುಳ್ಳಿ ಹೆಚ್ಚಿಸಿದಳು, ಒಂದೊಂದನ್ನೂ ಮಡಿಲಲ್ಲಿಟ್ಟುಕೊಂಡು ಬಿಸಿನೀರಿನ ಬಟ್ಟೆಯಿಂದ ಕಣ್ಣು ಒರೆಸಿದಳು. ಆದರೂ ಕೆಂಚಿ ಎಂಬ ಹೇಂಟೆ ಸತ್ತಿತು. ನಾಲ್ಕು ದಿನ ಬಿಟ್ಟು ಬಿಳಿಯದೂ ಸತ್ತಿತು. ಅಕ್ಕ ಅಳಲಿಲ್ಲ, ತನಿಖೆ ಆರಂಭಿಸಿದಳು.

ಗೋಡೆಯ ಬುಡದಲ್ಲಿ ಬನ್ನಿನ ಚೂರು ಸಿಕ್ಕಿತು. ಅದನ್ನು ಲಕೋಟೆಗೆ ಹಾಕಿ ತಾರೀಖು ಬರೆದಿಟ್ಟಳು. ಅದಕ್ಕಿಂತ ದೊಡ್ಡ ಸುಳಿವು ಪರದೆಯದು: ಪ್ರತಿದಿನ ಬೆಳಗ್ಗೆ ನೋಡಿದರೆ ಮೇಲಿನ ಬಲಮೂಲೆಯ ಲಾಡಿ ಬಿಚ್ಚಿ, ರೆಕ್ಸಿನ್ ಒಂದು ಗೇಣು ಜಾರಿರುತ್ತಿತ್ತು. ಬಿಗಿಯಾಗಿ ಕಟ್ಟಿದರೂ ಮರುದಿನ ಅದೇ ಕತೆ.

“ಗಂಟು ತಾನಾಗಿ ಬಿಚ್ಚಿಕೊಳ್ಳಲ್ಲ. ಯಾರೋ ಬಿಚ್ಚಿ ಅಲ್ಲಿಂದ ಒಳಗೆ ಏನೋ ಹಾಕ್ತಿದ್ದಾರೆ” ಎಂದು ಒಂದು ಸಂಜೆ ಗೂಡಿನ ಸುತ್ತ ಬೂದಿ ಹರಡಿದಳು. ಬೆಳಗ್ಗೆ ಲಾಡಿ ಬಿಚ್ಚಿತ್ತು. ಬೂದಿಯ ಮೇಲೆ ಬೆಕ್ಕಿನ ಹೆಜ್ಜೆಯೂ ಇರಲಿಲ್ಲ. ಅಕ್ಕ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಬೂದಿಯನ್ನೆಲ್ಲ ತಪಾಸಣೆ ಮಾಡಿ, “ಹೊರಗಿನವರಲ್ಲ. ಬೂದಿಯನ್ನು ಮತ್ತೆ ಸಾಪಾಗಿ ಹರಡಿ ಹೋಗಿದ್ದಾರೆ” ಎಂದು ನನ್ನ ಕಡೆ ತಿರುಗಿದಳು.

ಅಷ್ಟರಲ್ಲಿ ಚುಕ್ಕಿಯೂ ಮಲಗಿತ್ತು. ಅದನ್ನು ಬುಟ್ಟಿಯಲ್ಲಿ ತಂದು ನನ್ನ ಯಂತ್ರದ ಪಕ್ಕ ಇಟ್ಟಿದ್ದಳು. ನನ್ನ ಕೋಣೆಯ ಕಿಟಕಿ ಚಳಿಯಿರಲಿ ಮಳೆಯಿರಲಿ ತೆರೆದೇ ಇರುತ್ತದೆ, ಬೆಳಕಿಲ್ಲದೆ ನಾನು ಸೂಜಿಗೆ ದಾರ ಪೋಣಿಸಲಾರೆ. ನಾಲ್ಕೇ ದಿನಕ್ಕೆ ಚುಕ್ಕಿ ಎದ್ದು ನನ್ನ ಗುಂಡಿ ಡಬ್ಬಿಗೆ ಕೊಕ್ಕು ಹಾಕಿತು. ಅಕ್ಕ ಹಿಗ್ಗಿ ಗೂಡಿಗೆ ಒಯ್ದಳು. ಎರಡು ರಾತ್ರಿಗೆ ಮತ್ತೆ ಗೊರಗೊರ. ಮತ್ತೆ ನನ್ನ ಕೋಣೆ, ಮತ್ತೆ ಚೇತರಿಕೆ. ನನಗೆ ಅರ್ಥವಾಗಿರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಶಪಥ ಇತ್ತಲ್ಲ!

“ನಿನ್ನ ಹತ್ತಿರ ಇದ್ದರೆ ಹುಷಾರು” ಎಂದಳು ಅಕ್ಕ, ಬಾಗಿಲಿಗೆ ಅಡ್ಡ ನಿಂತು. “ಗೂಡಿಗೆ ಹೋದರೆ ಕಾಯಿಲೆ. ಏನಿದರ ಅರ್ಥ?”

“ನೀನೇ ಹೇಳು, ಮೂವತ್ತೊಂದು ವರ್ಷದ ಸರ್ವೀಸು.”

“ನಿನ್ನ ಚಪ್ಪಲಿ ತಿರುಗಿಸಿ ತೋರಿಸು.”

ಬೂದಿ ಹುಡುಕಲು! ಒಂದೇ ಸೂರಿನಡಿ ಐವತ್ತು ವರ್ಷ, ಒಂದೇ ತಟ್ಟೆಯಲ್ಲಿ ಉಂಡವರು ನಾವು. ಅವಳಿಗೆ ಜ್ವರ ಬಂದಾಗ ತಲೆ ಒತ್ತಿದ ಕೈ ಇದು. ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಅವಳಿಗೆ ತೋರಿಸಬಾರದೆಂದು ಇನ್ನೂ ಕೂಗಾಡಿದೆ. ಚಪ್ಪಲಿ ಎರಡನ್ನೂ ಅವಳ ಮುಂದೆ ಎಸೆದೆ.

“ತಗೋ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳೋಳು ನಾನಲ್ಲ. ನಾಳೆ ಬೆಳಗಿನ ಜಾವ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಕಾಯಿ. ಯಾರೂ ಸಿಗದಿದ್ದರೆ ನಾನೇ ಕಳ್ಳಿ ಅಂತ ಇಟ್ಟುಕೋ.”

ಅವಳು ಚಪ್ಪಲಿಗಳನ್ನು ಪತ್ರಿಕೆಯಲ್ಲಿ ಸುತ್ತಿ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಸಾಕ್ಷ್ಯವಂತೆ.

“ಚುಕ್ಕೀನೂ ಇವತ್ತು ಗೂಡಲ್ಲೇ ಇರಲಿ” ಎಂದಳು. “ನಿನ್ನ ಕೈ ಸೋಕದಿದ್ದರೆ ಏನಾಗುತ್ತೆ ನೋಡೋಣ.”

ಚುಕ್ಕಿಯ ಎದೆಯ ಸದ್ದು ಇನ್ನೂ ಪೂರ್ತಿ ಹೋಗಿರಲಿಲ್ಲ. ಬೇಡ ಅಕ್ಕ, ಅದಕ್ಕೆ ಬೇಕಾಗಿರುವುದು ಗಾಳಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬೀರುವಿನ ಬೀಗ ಕಣ್ಣಿಗೆ ಬಿತ್ತು. ಮಾತನ್ನು ನುಂಗಿದೆ.

ಬೆಳಗಿನ ಜಾವ ಹಿತ್ತಲ ಬಾಗಿಲಲ್ಲಿ ಎರಡು ಸ್ಟೂಲು ಹಾಕಿ ಕೂತೆವು. ಟಿಕೆಟ್ ಇಲ್ಲದವರನ್ನು ಮುಂದಿನ ನಿಲ್ದಾಣದವರೆಗೆ ಹಿಡಿದಿಟ್ಟುಕೊಳ್ಳುವಂತೆ ಅವಳು ನನ್ನ ಮಣಿಕಟ್ಟು ಹಿಡಿದಿದ್ದಳು. ನನ್ನ ಬರಿಗಾಲು ಮರಗಟ್ಟಿತ್ತು. ಗೋಡೆಯಾಚೆಯಿಂದ ಬೇಕರಿಯ ದೀಪದ ಬೆಳಕು ಗೂಡಿನ ಮೇಲೆ ಬಿದ್ದಿತ್ತು. ಬೂದಿ ಹಾಕಿದ್ದು ಹಾಕಿದ ಹಾಗೇ ಇತ್ತು.

ಪರದೆಯ ಬಲಮೂಲೆ ಅಲುಗಿತು.

ಅಕ್ಕನ ಹಿಡಿತ ಬಿಗಿಯಾಯಿತು. ಹೊರಗೆ ನರಪಿಳ್ಳೆ ಇಲ್ಲ. ಲಾಡಿ ಒಮ್ಮೆ ಜಗ್ಗಿತು, ನಿಂತಿತು, ಮತ್ತೆ ಜಗ್ಗಿತು, ಮಣ್ಣಿನಿಂದ ಎರೆಹುಳ ಎಳೆಯುವ ಹಾಗೆ. ಬಲೆಯ ಒಳಗಿಂದ ಯಾರೋ ಎಳೆಯುತ್ತಿದ್ದರು. ಗಂಟು ಜಾರಿತು, ರೆಕ್ಸಿನ್ ಒಂದು ಗೇಣು ಕೆಳಗೆ ಬಿತ್ತು. ಆ ಸಂದಿಯಿಂದ ಹಬೆ ಎದ್ದು ಬಂತು, ಅದರ ಜೊತೆ ಕಣ್ಣಿಗೆ ಚುಚ್ಚುವ ಹಿಕ್ಕೆಯ ಘಾಟು. ಬಲೆಯ ಕಣ್ಣಿಂದ ಒಂದು ಕೊಕ್ಕು ಹೊರಗೆ ಚಾಚಿ, ಬಾಯಿ ತೆರೆದು, ಗಾಳಿ ಎಳೆದುಕೊಂಡಿತು.

“ಕರಿಯಜ್ಜಿ!” ಎಂದಳು ಅಕ್ಕ.

ಕರಿಯಜ್ಜಿಯ ಪಕ್ಕದಲ್ಲಿ ಇನ್ನೊಂದು ಕೊಕ್ಕು ಬಂತು. ಮೇಲಿನ ಗಳ ಹತ್ತಲು ಶಕ್ತಿಯಿದ್ದವೆಲ್ಲ ಆ ಒಂದು ಗೇಣಿಗೆ ತಳ್ಳಾಡುತ್ತಿದ್ದವು. ಅಕ್ಕ ಬೂದಿ ತುಳಿದುಕೊಂಡು ಓಡಿ ಪರದೆಯನ್ನು ಎರಡೂ ಕೈಯಿಂದ ಕಿತ್ತಳು. ಅದರ ಒಳಮೈ ಬಚ್ಚಲ ಗೋಡೆಯಂತೆ ನೀರಿಳಿಯುತ್ತಿತ್ತು. ಕೆಳಗೆ, ಒದ್ದೆ ಹುಲ್ಲಿನ ಮೂಲೆಯಲ್ಲಿ ಚುಕ್ಕಿ ಬಿದ್ದಿತ್ತು. ಗಳ ಹತ್ತಲು ಅದರಿಂದ ಆಗಿರಲಿಲ್ಲ. ಅಕ್ಕ ಎತ್ತಿಕೊಂಡಾಗ ಮೈ ಇನ್ನೂ ಬೆಚ್ಚಗಿತ್ತು, ಕತ್ತು ಮಾತ್ರ ಜೋತುಬಿತ್ತು.

ಅವಳು ಅಲ್ಲೇ ಬೂದಿಯ ಮೇಲೆ ಕೂತುಬಿಟ್ಟಳು. “ನಿನಗೆ ಗೊತ್ತಿತ್ತು” ಎಂದಳು. ಈ ಸಲ ಅದು ವಿಚಾರಣೆಯಾಗಿರಲಿಲ್ಲ.

“ಪರದೆ ಹೊಲಿಯೋ ದಿನವೇ ಹೇಳಿದ್ದೆ ಅಕ್ಕ.”

“ಒಂದು ಸಲ ಹೇಳಿದೆ.” ಅವಳು ಚುಕ್ಕಿಯ ಕತ್ತನ್ನು ಅಂಗೈಯಲ್ಲಿ ಎತ್ತಿ ಹಿಡಿದಳು. “ನಾನು ಹುಟ್ಟಿದಾಗಿಂದ ಯಾರ ಮಾತನ್ನಾದರೂ ಒಂದೇ ಸಲಕ್ಕೆ ನಂಬಿದ್ದೀನಾ? ಬೇರೆಯವರಿಗೆ ಗೊತ್ತಿಲ್ಲ, ನಿನಗೂ ಗೊತ್ತಿರಲಿಲ್ವಾ? ಇನ್ನೊಂದು ಸಲ ಹೇಳೋಕೆ ಏನಾಗಿತ್ತು ನಿನಗೆ?”

ಏನಾಗಿತ್ತು ಎಂದು ನನಗೆ ಗೊತ್ತು. ಸಿಟ್ಟು ಬಂದಿತ್ತು, ಅಷ್ಟೆ. ನೋಡು, ನಾನು ಹೇಳಿದ್ದೇ ಸರಿ ಎಂದು ಒಂದು ದಿನ ಅವಳ ಮುಂದೆ ನಿಂತು ಹೇಳುವ ಆಸೆಯಿತ್ತು. ಆ ದಿನ ಬಂದಿತ್ತು. ಒಳಗೆ ಹೋಗಿ ಕತ್ತರಿ ತಂದು, ಪರದೆಯ ಮೇಲಂಚನ್ನು ಉದ್ದಕ್ಕೂ ಒಂದು ಗೇಣು ಕತ್ತರಿಸತೊಡಗಿದೆ. ಗೆರೆ ಸೊಟ್ಟಗಾಯಿತು.

ಅಕ್ಕ ಚುಕ್ಕಿಯನ್ನು ಮಡಿಲಿಂದ ಇಳಿಸಲಿಲ್ಲ. ಕೂತಲ್ಲಿಂದಲೇ ನನ್ನ ಕಾಲುಗಳನ್ನು ನೋಡಿದಳು. ತನ್ನ ಚಪ್ಪಲಿಗಳನ್ನು ಕಾಲಿಂದ ಕಳಚಿ ನನ್ನ ಕಡೆಗೆ ತಳ್ಳಿ, “ನೆಲ ತಣ್ಣಗಿದೆ, ಹಾಕ್ಕೋ” ಎಂದಳು.