ಬಕುಳದ ಯಜಮಾನಿ

ನನ್ನ ಓರಗಿತ್ತಿಯನ್ನು ಡೈರಿಯಲ್ಲಿ ಮೂಗಮ್ಮ ಎಂದೇ ಕರೆಯುತ್ತಿದ್ದರು. ಬೆಳಗಿನ ಜಾವ ಲಾರಿಯಿಂದ ಹಾಲಿನ ಕ್ಯಾನು ಇಳಿದ ಹಾಗೆಲ್ಲ ಅವಳು ಮುಚ್ಚಳ ತೆಗೆದು, ಅದನ್ನು ಮಗುಚಿ, ಮೂಗಿಗೆ ಹಿಡಿಯುತ್ತಿದ್ದಳು. ಸರಿಯಿದ್ದರೆ ಒಳಕ್ಕೆ, ಇಲ್ಲದಿದ್ದರೆ ಪಕ್ಕಕ್ಕೆ. ಲಾರಿಯವರು ಎಷ್ಟು ಗೋಗರೆದರೂ ಜಪ್ಪಯ್ಯ ಎನ್ನುತ್ತಿರಲಿಲ್ಲ. ಮನೆಯಲ್ಲೂ ಅದೇ ದರ್ಬಾರು. ನಿನ್ನೆಯದನ್ನು ನಾನು ಬಿಸಿಮಾಡಿ ಬಡಿಸಿದರೆ ಹೊಸ್ತಿಲಲ್ಲೇ ಕಂಡುಹಿಡಿಯುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಭಾನುವಾರ ನಾವಿಬ್ಬರೂ ತೋಟಗಾರಿಕೆ ಸಂಘದವರ ಜೊತೆ ಪಾರ್ಕಿಗೆ ಹೋಗುತ್ತೇವೆ. ಋತು ತಿರುಗಿದ ಹಾಗೆ ಯಾವುದು ಚಿಗುರಿತು, ಯಾವುದು ಅರಳಿತು ಎಂದು ನೋಡಿಕೊಂಡು ಬರುವುದು. ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಕಟ್ಟಳೆ ಎಂದರೆ ಪ್ರಾಣ. ಅವರು ಒಂದೊಂದು ಮರಕ್ಕೂ ಒಬ್ಬೊಬ್ಬ ಯಜಮಾನರನ್ನು ನೇಮಿಸಿದ್ದಾರೆ. ಯಜಮಾನರು 'ಬಂತು' ಎನ್ನುವವರೆಗೆ ಉಳಿದವರು ತುಟಿ ಪಿಟಕ್ಕೆನ್ನುವಂತಿಲ್ಲ, ಹೂವು ತಲೆಯ ಮೇಲೆ ಉದುರಿದರೂ ಸರಿಯೇ. ನನ್ನಂಥ ಬಾಯಿಬಡುಕಿಗೆ ಇದಕ್ಕಿಂತ ಶಿಕ್ಷೆ ಬೇಕೆ?

ಓರಗಿತ್ತಿಯನ್ನು ನಾನು ಅಕ್ಕ ಎನ್ನುತ್ತೇನೆ. ಬಕುಳದ ಮರ ಅವಳದು. ಅದರ ಹೂವು ಪುಟಾಣಿ. ಎಲೆಗಳ ನಡುವೆ ಅಡಗಿರುತ್ತದೆ. ಉದುರಿದ್ದನ್ನು ಪಾರ್ಕಿನವರು ನಾವು ಹೋಗುವಷ್ಟರಲ್ಲಿ ಗುಡಿಸಿರುತ್ತಾರೆ. ಅಲ್ಲಿ ಮೂಗೇ ಗತಿ. ಈ ಸಲ ಅಕ್ಕ ಎಂದಿನಂತೆ ಬುಡದಲ್ಲಿ ನಿಂತು, ಕಣ್ಣು ಮುಚ್ಚಿ, ಮುಖ ಮೇಲೆತ್ತಿದಳು.

"ಇನ್ನೂ ಇಲ್ಲ. ಒಂದು ವಾರ ಆಗ್ಬಹುದು," ಎಂದಳು.

ಘಮ ಎಲ್ಲರ ಮುಖಕ್ಕೆ ರಾಚುತ್ತಿತ್ತು. ಮೇಷ್ಟ್ರು ಕೆಮ್ಮಿದರು. ಅಕ್ಕನ ಡೈರಿಯ ಸೂಪರ್‌ವೈಸರ್ ಕೂಡ ನಮ್ಮ ಸಂಘದವರೇ. ಅವರು ತಮ್ಮ ಬೂಟು ನೋಡಿಕೊಂಡರು. ಕಟ್ಟಳೆ ಮೀರುವಂತಿಲ್ಲ. ಎಲ್ಲರೂ ನೇರಳೆ ಮರದ ಕಡೆ ನಡೆದರು.

ಆ ಸಂಜೆ ಒಲೆಯ ಮೇಲಿಟ್ಟ ಹಾಲು ತಳ ಹಿಡಿದು ವಾಸನೆ ನಡುಮನೆಗೆಲ್ಲ ಹರಡಿತು. ಓಡಿಹೋಗಿ ನೋಡಿದರೆ ಅಕ್ಕ ಒಲೆಗೆ ಬೆನ್ನು ಹಾಕಿ ನಿಂತು ತರಕಾರಿ ಹೆಚ್ಚುತ್ತಿದ್ದಾಳೆ. ಒಲೆ ಆರಿಸಿದೆ.

"ಅಕ್ಕ, ಯಾವಾಗಿಂದ?"

ಅವಳು ಪಾತ್ರೆ ನೋಡಿದಳು. "ಜ್ವರ ಬಂದಿತ್ತಲ್ಲ, ಆಗಿಂದ. ಯಾವ ವಾಸನೇನೂ ಬರ್ತಿಲ್ಲ ಕಣೇ."

"ಮತ್ತೆ ಕ್ಯಾನುಗಳು?"

"ಚಮಚದಲ್ಲಿ ರುಚಿ ನೋಡಿ ಒಳಕ್ಕೆ ಬಿಡ್ತಿದೀನಿ. ಹುಳಿಯಾಗಿದ್ರೆ ನಾಲಿಗೆಗೆ ಗೊತ್ತಾಗುತ್ತೆ. ಬೇರೇನಾದ್ರೂ ಕೆಟ್ಟಿದ್ರೆ ಗೊತ್ತಾಗಲ್ಲ." ಪಾತ್ರೆ ಇಳಿಸುತ್ತ ಕೇಳಿದಳು, "ಬೆಳಗ್ಗೆ ಮರ ಅರಳಿತ್ತಾ?"

"ಘಮ್ ಅಂತಿತ್ತು."

"ನೀನಾದ್ರೂ ಹೇಳ್ಬಾರದಿತ್ತಾ?"

"ಹೇಳಿದ್ರೆ ನಿಮ್ಮ ಮೇಷ್ಟ್ರು ನನ್ನ ಸುಮ್ನೆ ಬಿಡ್ತಿದ್ರಾ?" ಎಂದೆ. ಸಿಟ್ಟು ಯಾರ ಮೇಲೆ ಎಂದು ನನಗೇ ತಿಳಿಯಲಿಲ್ಲ.

ಡೈರಿಯ ಕೆಲಸ ಬಿಟ್ಟರೆ ಅವಳಿಗೆ ಬೇರೆ ಗೊತ್ತಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಸೇರಿದವಳು. ಊರಿನವರು ಅವಳನ್ನು ಗುರುತಿಸುವುದೇ ಅದರಿಂದ. ಬಾಯಿ ಬಿಟ್ಟು ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಆ ಹಾಲು ಕುಡಿಯುವವರು ಮಕ್ಕಳು. ಅಕ್ಕ ತಳ ಹಿಡಿದ ಪಾತ್ರೆಯನ್ನು ಬಹಳ ಹೊತ್ತು ಉಜ್ಜಿದಳು. ಬೆಳಗಾಗುತ್ತಲೇ ಮೈ ಹುಷಾರಿಲ್ಲವೆಂದು ಡೈರಿಗೆ ಹೇಳಿಕಳಿಸಿದಳು. ವಾರವಿಡೀ ಹೋಗಲಿಲ್ಲ.

ಮುಂದಿನ ಭಾನುವಾರ ಎಲ್ಲರೂ ಬಕುಳದ ಕೆಳಗೆ ನಿಂತೆವು. ಅಕ್ಕ ಕಣ್ಣು ಮುಚ್ಚಲಿಲ್ಲ.

"ಇದು ಹೋದ ವಾರಾನೇ ಅರಳಿತ್ತಂತೆ. ನನ್ನ ಮೂಗು ಹೋಗಿದೆ, ಮೇಷ್ಟ್ರೇ. ಮರಾನ ಬೇರೆಯವರಿಗೆ ಕೊಡಿ." ಆಮೇಲೆ ಸೂಪರ್‌ವೈಸರ್ ಕಡೆ ತಿರುಗಿದಳು. "ಡೈರೀಲೂ ಅಷ್ಟೇ ಸಾರ್. ನಾಳೆಯಿಂದ ಬೇರೆಯವರನ್ನ ಹಾಕ್ಕೊಳ್ಳಿ."

"ಹೋದ ವಾರಾನೇ ಅನುಮಾನ ಬಂತಮ್ಮ," ಎಂದರು ಅವರು. "ನೀವಾಗೇ ಹೇಳ್ತೀರೇನೋ ಅಂತ ಕಾದೆ."

ಬೇರೆ ಕೆಲಸ ಕೊಡುತ್ತೇನೆಂದು ಅವರು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಮೇಷ್ಟ್ರು ಸುತ್ತಲೂ ನೋಡಿ ನನ್ನತ್ತ ಬೆರಳು ತೋರಿಸಿದರು. ಕಟ್ಟಳೆ ಕಟ್ಟಳೆಯೇ, ಹೊಸ ಯಜಮಾನಿ ಹೇಳದೆ ಈ ವರ್ಷದ ಬಕುಳ ಅರಳಿದ ಹಾಗಲ್ಲ. ನಾನು ಬುಡಕ್ಕೆ ಹೋಗಿ ಕಣ್ಣು ಮುಚ್ಚಿ ಮುಖ ಎತ್ತಿದೆ.

"ಬಂತು," ಎಂದೆ.

ಎಲ್ಲರೂ ದೀರ್ಘವಾಗಿ ಉಸಿರೆಳೆದುಕೊಂಡರು. ಅಕ್ಕನೂ ಎಳೆದುಕೊಂಡಳು.