ಬೆಟ್ಟದ ಈ ತುದಿಯಲ್ಲಿ ಕಾಯುವವರು

"ಈ ಕಾರಿನ ಕೀ ಆ ಕಾರಲ್ಲೇ ಉಳೀತು ಅಂದ್ರೆ ಏನ್ರೀ ಅರ್ಥ?" ಎಂದು ಗಂಡನ ಮೇಲೆ ರೇಗುತ್ತಿದ್ದೆ. ಬೆಟ್ಟದ ಮೇಲಿನ ನಾಲ್ಕು ಸರೋವರ ದಾಟಿ ಇಳಿದು ಬಂದಿದ್ದೆವು. ಅದೇ ದಾರಿಯಲ್ಲಿ ವಾಪಸ್ ನಡೆಯಬಾರದೆಂದು ನಾವಿರುವ ಊರು ಕ್ಯುಪರ್ಟಿನೋದಿಂದ ಎರಡು ಕಾರು ತಂದು, ಒಂದನ್ನು ಈ ತುದಿಯಲ್ಲಿ ನಿಲ್ಲಿಸಿ, ಇನ್ನೊಂದರಲ್ಲಿ ಆ ತುದಿಗೆ ಹೋಗಿ ನಡಿಗೆ ಶುರುಮಾಡಿದ್ದೆವು. ಈಗ ಫೋನಿಗೆ ಸಿಗ್ನಲ್ಲೂ ಇಲ್ಲ.

"ಜಗಳಾ ಆಮ್ಯಾಲ ಮಾಡ್ರಿ, ಮೊದ್ಲ ಚಾ ಕುಡೀರಿ."

ಪಕ್ಕದ ಕಾರಿನಿಂದ ಧಾರವಾಡದ ಕನ್ನಡ! ಫ್ಲಾಸ್ಕು ಹಿಡಿದು ಕೂತಿದ್ದ ಓಕ್ಲ್ಯಾಂಡಿನ ಹಿರಿಯ ಮಹಿಳೆಯೊಬ್ಬರು ನಮ್ಮನ್ನು ಹತ್ತಿಸಿಕೊಂಡು, ಬೆಟ್ಟ ಸುತ್ತಿ, ಗಂಟೆಗಟ್ಟಲೆ ಡ್ರೈವ್ ಮಾಡಿ ಆ ತುದಿಗೆ ಬಿಟ್ಟರು. ಯಾರಿಗಾಗಿ ಕಾಯುತ್ತಿದ್ದಿರಿ ಎಂದು ದಾರಿಯಲ್ಲಿ ಕೇಳಿದೆ.

"ನಮ್ಮನಿಯವರು ನಡದು ಬರೋರು, ನಾ ಇಲ್ಲೆ ಕಾರ್ ತಂದು ಕಾಯಾಕಿ. ಅವರು ತೀರಿ ಎರಡು ವರ್ಷ ಆತು. ಆದ್ರೂ ಬರ್ತೀನಿ. ಯಾರರ ಒಬ್ರು ಇಳದು ಬರ್ತಾರ."

ಈ ಬೇಸಿಗೆಯಲ್ಲಿ ಗಂಡ ಒಬ್ಬರೇ ನಡೆದರು. ನಾನು ಫ್ಲಾಸ್ಕು ಹಿಡಿದು ಅದೇ ಜಾಗದಲ್ಲಿ ಕೂತಿದ್ದೆ. ತಿರುವಿನಲ್ಲಿ ಅವರ ಟೋಪಿ ಕಂಡಾಗ ಫ್ಲಾಸ್ಕಿನ ಮುಚ್ಚಳ ತೆಗೆದೆ. ತನ್ನ ಗಂಡನ ಟೋಪಿ ಇನ್ನು ಕಾಣುವುದಿಲ್ಲವೆಂದು ಗೊತ್ತಿದ್ದೂ ಓಕ್ಲ್ಯಾಂಡಿನ ಆಕೆ ಬರುತ್ತಾರಲ್ಲ.